ಟೇಬಲ್ಲಿನೆತ್ತರಕ್ಕೆ ಬೆಳೆದ ಹುಡುಗ

ಸ್ನೂಕರ್ ಟೇಬಲ್ಲಿನ ಎತ್ತರ ಹೆಚ್ಚುಕಡಿಮೆ 2 ಅಡಿ 10 ಇಂಚು. ಉದ್ದ 12 ಅಡಿ, ಅಗಲ 6 ಅಡಿ. ಆಡುವ ಕ್ಯೂ 5 ಅಡಿಗೆ ತುಸು ಕಡಿಮೆ. ಹತ್ತು ವರ್ಷದ ಹುಡುಗ ಇದರ ಪಕ್ಕ ನಿಂತರೆ ಕೈಯಲ್ಲಿರುವ ಕೋಲೇ ಅವನಿಗಿಂತ ಎತ್ತರ. ನಡುಮಧ್ಯದ ಚೆಂಡು ಎಟುಕಬೇಕೆಂದರೆ ತುದಿಗಾಲಲ್ಲಿ ನಿಂತು ಅರ್ಧ ಮೈ ಟೇಬಲ್ಲಿನ ಮೇಲೆ ಚಾಚಬೇಕು. ಚಾಚಿದರೂ ಒಂದು ಕಾಲಾದರೂ ನೆಲದ ಮೇಲಿರಬೇಕು, ಇಲ್ಲದಿದ್ದರೆ ಫೌಲ್.

ತೊಂಬತ್ತರ ದಶಕದ ನಡುವೆ ಬೆಂಗಳೂರಿನಲ್ಲಿ ಅಷ್ಟೇ ಎತ್ತರದ ಹುಡುಗನೊಬ್ಬ ಅಣ್ಣನ ಬೆನ್ನು ಹಿಡಿದು ಸ್ನೂಕರ್ ಪಾರ್ಲರಿಗೆ ಹೋಗತೊಡಗಿದ. ಮೊದಲು ಬರೀ ನೋಡುತ್ತ ನಿಂತ, ಆಮೇಲೆ ಕ್ಯೂ ಹಿಡಿದ. ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಆಗಿದ್ದ ಅರವಿಂದ್ ಸವೂರ್ ಅವರ ಬಳಿ ಕಲಿಯಲು ಹೋದಾಗ, ಹುಡುಗ ತೀರಾ ಗಿಡ್ಡ, ಇನ್ನೂ ಸ್ವಲ್ಪ ಬೆಳೆಯಲಿ ಎಂದು ಅವರು ಹಿಂದೆಮುಂದೆ ನೋಡಿದರು. ಹುಡುಗ ಬೆಳೆದ. ಸವೂರ್ ಅವನನ್ನು ಶಿಷ್ಯನಾಗಿ ತೆಗೆದುಕೊಂಡರು. ಆ ಹುಡುಗನೇ ಪಂಕಜ್ ಅಡ್ವಾಣಿ.

1985ರಲ್ಲಿ ಪುಣೆಯಲ್ಲಿ ಹುಟ್ಟಿದ ಪಂಕಜ್ ಅವರ ಮೊದಲ ವರ್ಷಗಳು ಕಳೆದದ್ದು ಕುವೈತಿನಲ್ಲಿ. 1990ರ ಕೊಲ್ಲಿ ಬಿಕ್ಕಟ್ಟಿನ ಹೊತ್ತಿಗೆ ಕುಟುಂಬ ಬೆಂಗಳೂರಿಗೆ ಬಂತು. ತಂದೆ ಬೇಗ ತೀರಿಕೊಂಡರು. ತಾಯಿ ಕಾಜಲ್ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು. ಮಕ್ಕಳನ್ನು ಪಾರ್ಲರಿಗೆ ಕಳಿಸಲು ಹಿಂಜರಿಯುವ ಮನೆಗಳೇ ಹೆಚ್ಚಿದ್ದ ಕಾಲದಲ್ಲಿ ಆ ತಾಯಿ ತಡೆಯಲಿಲ್ಲ. ಈ ಆಟದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪದಕಗಳಿಂದ ಶುರು ಮಾಡುತ್ತಾರೆ. ನನಗೆ ಮಾತ್ರ ಅಡಿಪಾಯವಾಗಿ ಕಾಣುವುದು ಆ ತಡೆಯದ ತಾಯಿ, ದಾರಿ ತೋರಿದ ಅಣ್ಣ, ತಿದ್ದಿದ ಗುರು ಮತ್ತು ಮನೆಯಿಂದ ಹೋಗಿಬರುವಷ್ಟು ದೂರದಲ್ಲಿದ್ದ ಒಂದು ಟೇಬಲ್.

1997ರಲ್ಲಿ, 12ನೇ ವಯಸ್ಸಿಗೆ, ಪಂಕಜ್ ಬಿ.ಎಸ್. ಸಂಪತ್ ಸ್ಮಾರಕ ಸ್ನೂಕರ್ ಟೂರ್ನಿ ಗೆದ್ದರು. ಫೈನಲ್‌ನಲ್ಲಿ ಎದುರಾಳಿಯಾಗಿದ್ದವರು ಅಣ್ಣ ಶ್ರೀ. ಆಟಕ್ಕೆ ಕರೆತಂದವನನ್ನೇ ಸೋಲಿಸಿ ತಮ್ಮ ಮುಂದೆ ಹೋದ. ಸೋತ ಅಣ್ಣ ದೂರ ಸರಿಯಲಿಲ್ಲ. ಕ್ರೀಡಾ ಮನಶ್ಶಾಸ್ತ್ರ ಓದಿ ತಮ್ಮನ ಬೆನ್ನಿಗೆ ನಿಂತರು. ಆಮೇಲೆ ರಾಷ್ಟ್ರೀಯ ಜೂನಿಯರ್ ಪ್ರಶಸ್ತಿಗಳು ಬಂದವು. 2003ರಲ್ಲಿ ಚೀನಾದ ಜಿಯಾಂಗ್‌ಮೆನ್‌ನಲ್ಲಿ ಪಾಕಿಸ್ತಾನದ ಸಾಲೇ ಮೊಹಮ್ಮದ್ ಅವರನ್ನು 11–5ರಿಂದ ಸೋಲಿಸಿ ವಿಶ್ವ ಅಮೆಚೂರ್ ಸ್ನೂಕರ್ ಚಾಂಪಿಯನ್ ಆದಾಗ ಅವರಿಗೆ 18 ವರ್ಷ.

ದಂಡಿನ ಆಟ

ಸ್ನೂಕರ್ ಪರದೇಶದಿಂದ ಬಂದ ಆಟವೆಂದು ನಂಬಿರುವವರೇ ಹೆಚ್ಚು. ಅದು ಹುಟ್ಟಿದ್ದು ನಮ್ಮ ನೆಲದಲ್ಲೇ, 1875ರಲ್ಲಿ, ಜಬಲ್ಪುರದ ದಂಡಿನಲ್ಲಿ. ನೆವಿಲ್ ಚೇಂಬರ್ಲೇನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಆಗ ಚಾಲ್ತಿಯಲ್ಲಿದ್ದ ಮೇಜಿನಾಟಗಳಿಗೆ ಬಣ್ಣದ ಚೆಂಡುಗಳನ್ನು ಸೇರಿಸಿ ಹೊಸ ಆಟ ಕಟ್ಟಿದ. ಅದರ ನಿಯಮಗಳು ಒಂದು ರೂಪಕ್ಕೆ ಬಂದದ್ದು 1880ರ ದಶಕದಲ್ಲಿ ಊಟಿ ಕ್ಲಬ್ಬಿನಲ್ಲಿ, ಬಂಡೀಪುರದ ಕಾಡು ದಾಟಿದರೆ ಸಿಗುವ ಊರಿನಲ್ಲಿ.

ಅಲ್ಲಿಂದ ಮುಂದೆ ಬಹುಕಾಲ ಅದು ಕ್ಲಬ್ಬಿನ ಸದಸ್ಯರ ಆಟವಾಗಿಯೇ ಉಳಿಯಿತು. ಬೆಂಗಳೂರಿನ ದಂಡು ಪ್ರದೇಶದ ಕ್ಲಬ್ಬುಗಳಲ್ಲೂ ಅಷ್ಟೇ. ಸದಸ್ಯರು ಆಡುತ್ತಿದ್ದರು, ಅಂಕ ಬರೆದು, ಚೆಂಡು ಜೋಡಿಸಿ, ಕ್ಯೂ ಒರೆಸಿಡುತ್ತಿದ್ದವರು ಮಾರ್ಕರ್‌ಗಳು. ದಿನವಿಡೀ ಟೇಬಲ್ಲಿನ ಪಕ್ಕದಲ್ಲೇ ನಿಂತು ಆಟದ ಒಳಮರ್ಮ ಕಲಿತವರು ಅವರು. ಅಂಥವರ ಹೆಸರು ಯಾವ ಫಲಕದ ಮೇಲೂ ಏರುವುದಿಲ್ಲ.

1958ರಲ್ಲಿ ವಿಲ್ಸನ್ ಜೋನ್ಸ್ ಬಿಲಿಯರ್ಡ್ಸ್‌ನಲ್ಲಿ ಗೆದ್ದು ಯಾವುದೇ ಕ್ರೀಡೆಯಲ್ಲಿ ಭಾರತದ ಮೊದಲ ವೈಯಕ್ತಿಕ ವಿಶ್ವ ಚಾಂಪಿಯನ್ ಆದರು. 1984ರಲ್ಲಿ ಓಂ ಅಗರ್‌ವಾಲ್ ಐರ್ಲೆಂಡಿನ ಡಬ್ಲಿನ್‌ನಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಕಿರೀಟ ಗೆದ್ದರು. ಭಾರತಕ್ಕೆ ಅದು ಮೊದಲನೆಯದು. ಕರ್ನಾಟಕದಲ್ಲಿ ಆಟವನ್ನು ಕ್ಲಬ್ಬಿನ ಬಾಗಿಲಿನಾಚೆಗೆ ತರುವಲ್ಲಿ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಪಾತ್ರ ದೊಡ್ಡದು. ಬೆಂಗಳೂರಿನ ವಸಂತನಗರದಲ್ಲಿರುವ ಅದರ ಸಭಾಂಗಣ ಎಷ್ಟೋ ಆಟಗಾರರಿಗೆ ಎರಡನೇ ಮನೆ.

ಚೆಂಡಿನ ಲೆಕ್ಕ

ಟೇಬಲ್ಲಿನ ಮೇಲೆ 22 ಚೆಂಡು: 15 ಕೆಂಪು, 6 ಬೇರೆ ಬಣ್ಣದವು, ಹೊಡೆಯಲು ಒಂದು ಬಿಳಿ. ಕೆಂಪು ಪಾಕೆಟ್ಟಿಗೆ ಬಿದ್ದರೆ 1 ಅಂಕ, ಆಮೇಲೆ ಒಂದು ಬಣ್ಣದ ಚೆಂಡು, ಮತ್ತೆ ಕೆಂಪು. ಹಳದಿಗೆ 2, ಕಪ್ಪಿಗೆ 7. ಪ್ರತಿ ಕೆಂಪಿನ ಬೆನ್ನಿಗೂ ಕಪ್ಪನ್ನೇ ಹಾಕಿ ಕೊನೆಗೆ ಬಣ್ಣಗಳನ್ನೆಲ್ಲ ಖಾಲಿ ಮಾಡಿದರೆ 147, ಸಾಮಾನ್ಯವಾಗಿ ಅದೇ ಒಂದು ಸರದಿಯ ಅತಿ ದೊಡ್ಡ ಗಳಿಕೆ, ಅಂದರೆ ಬ್ರೇಕ್.

ಲೆಕ್ಕ ಸುಲಭ, ಆಟ ಕಷ್ಟ. ಹಸಿರು ಬಟ್ಟೆಯ ಕೆಳಗೆ ಇರುವುದು ಕಲ್ಲಿನ ಹಾಸು. ಉಣ್ಣೆಯ ಆ ಬಟ್ಟೆಗೆ ಮಖಮಲ್ಲಿನ ಹಾಗೆ ಒಂದೇ ದಿಕ್ಕಿನ ಎಳೆಯಿರುತ್ತದೆ. ಎಳೆಯ ಜೊತೆಗೆ ಉರುಳಿದ ಚೆಂಡು ಒಂದು ರೀತಿ, ಎದುರಾಗಿ ಉರುಳಿದ್ದು ಇನ್ನೊಂದು ರೀತಿ. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿದರೆ ವೇಗವೇ ಬದಲಾಗುತ್ತದೆ. ಕ್ಯೂ ತುದಿಯ ಚರ್ಮದ ಟಿಪ್‌ಗೆ ಚಾಕ್ ಹಚ್ಚಿ, ಗದ್ದ ಕೋಲಿಗೆ ತಾಗುವಷ್ಟು ಬಗ್ಗಿ, ಮುಂಗೈ ಮಾತ್ರ ಅಲುಗುವಂತೆ ಹೊಡೆಯುವುದನ್ನು ರೂಢಿಸಿಕೊಳ್ಳಲು ವರ್ಷಗಳು ಬೇಕು. ಬಿದ್ದ ಚೆಂಡಿಗಿಂತ ಬಿಳಿ ಚೆಂಡು ಹೋಗಿ ನಿಂತ ಜಾಗ ಮುಖ್ಯ.

ಬಿಲಿಯರ್ಡ್ಸ್ ಇನ್ನೊಂದು ಲೋಕ. ಅಲ್ಲಿ ಮೂರೇ ಚೆಂಡು. ಒಂದೇ ಹೊಡೆತದಲ್ಲಿ ಎರಡಕ್ಕೂ ತಾಗಿಸಿದರೆ ಅಂಕ, ತಾಗಿಸಿ ತನ್ನ ಚೆಂಡನ್ನೇ ಪಾಕೆಟ್ಟಿಗೆ ಇಳಿಸಿದರೂ ಅಂಕ. ಸ್ನೂಕರ್‌ಗೆ ನಿಖರತೆ ಬೇಕು, ಬಿಲಿಯರ್ಡ್ಸ್‌ಗೆ ಹದ ಬೇಕು. ಎರಡರಲ್ಲೂ ವಿಶ್ವ ಅಮೆಚೂರ್ ಕಿರೀಟ ಗೆದ್ದವರು ಮೊದಲು ಮಾಲ್ಟಾದ ಪಾಲ್ ಮಿಫ್ಸುದ್, ಅವರ ನಂತರ ಪಂಕಜ್. ಅದೂ 2005ರಲ್ಲಿ, ಮಿಫ್ಸುದ್ ಅವರ ಮಾಲ್ಟಾದಲ್ಲಿಯೇ.

ಹೋದರು, ಮರಳಿದರು

ಅಮೆಚೂರ್ ಕಿರೀಟದಿಂದ ವೃತ್ತಿಪರ ಆಟಕ್ಕೆ ಹೋಗುವ ದಾರಿಯೂ ಒಂದಿದೆ. ಡಬ್ಲಿನ್‌ನ ರಾನೆಲಾದಲ್ಲಿ ಕೆನ್ ಡೊಹರ್ಟಿ ಎಂಬ ಹುಡುಗನಿದ್ದ. ಮನೆ ಹತ್ತಿರದ ಜೇಸನ್ಸ್ ಎಂಬ ಸ್ನೂಕರ್ ಹಾಲ್‌ನಲ್ಲಿ ಟೇಬಲ್ ಎಟುಕದೆ ಬಿಸ್ಕತ್ತಿನ ಡಬ್ಬದ ಮೇಲೆ ನಿಂತು ಆಡಿದವನು. 1989ರಲ್ಲಿ ವಿಶ್ವ ಜೂನಿಯರ್ ಪ್ರಶಸ್ತಿ ಗೆದ್ದ, ಅದೇ ವರ್ಷ ವಿಶ್ವ ಅಮೆಚೂರ್ ಪ್ರಶಸ್ತಿಯನ್ನೂ ಗೆದ್ದ. 1990ರಲ್ಲಿ ವೃತ್ತಿಪರನಾಗಿ, 1997ರಲ್ಲಿ ಸ್ಟೀಫನ್ ಹೆಂಡ್ರಿಯನ್ನು 18–12ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದ. ಮೂರೂ ಹಂತದ ಕಿರೀಟ ಗೆದ್ದ ಮೊದಲಿಗ ಆತ. ಆ ದಾರಿಯಲ್ಲಿ ಐರ್ಲೆಂಡಿನ ಹುಡುಗರು ಇಂದಿಗೂ ನಡೆಯುತ್ತಿದ್ದಾರೆ. ಕಾರ್ಕ್‌ನ ಏರನ್ ಹಿಲ್ 2020ರಲ್ಲಿ ವೃತ್ತಿಪರನಾದ ಬೆನ್ನಿಗೇ, 18ರ ಹರೆಯದಲ್ಲಿ, ವಿಶ್ವ ಚಾಂಪಿಯನ್ ರಾನಿ ಒ'ಸುಲಿವನ್ ಅವರನ್ನು 5–4ರಿಂದ ಮಣಿಸಿದ.

ಅವರಿಗೆ ಇಂಗ್ಲೆಂಡ್ ನೆರೆಮನೆ. ವೃತ್ತಿಪರ ಟೂರ್ನಿಗಳಲ್ಲಿ ಎಷ್ಟೋ ಅಲ್ಲೇ ನಡೆಯುತ್ತವೆ. ನಮ್ಮ ಹುಡುಗರಿಗೆ ಅದು ಮನೆ ಬಿಟ್ಟು ವರ್ಷಗಟ್ಟಲೆ ಇರಬೇಕಾದ ದೂರ. ಪಂಕಜ್ ಆ ದಾರಿ ಹಿಡಿದದ್ದು 2012ರಲ್ಲಿ, 27ನೇ ವಯಸ್ಸಿನಲ್ಲಿ. 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ರ‍್ಯಾಂಕಿಂಗ್ ಟೂರ್ನಿಯಲ್ಲಿ ಅಷ್ಟು ದೂರ ಹೋದ ಮೊದಲ ಭಾರತೀಯ ಅವರೇ. ಅದೇ ವರ್ಷ ದೆಹಲಿಯ ಇಂಡಿಯನ್ ಓಪನ್‌ನಲ್ಲಿ ಆದಿತ್ಯ ಮೆಹ್ತಾ ಫೈನಲ್‌ವರೆಗೂ ಹೋದರು. ಎರಡು ಋತು ಆಡಿ 2014ರಲ್ಲಿ ಪಂಕಜ್ ವೃತ್ತಿಪರ ಟೂರ್ ಬಿಟ್ಟು ಮನೆಗೆ ಮರಳಿದರು. ಬಿಲಿಯರ್ಡ್ಸ್ ಬಿಡಲು ಮನಸ್ಸಿರಲಿಲ್ಲ, ಮನೆಯವರಿಂದ ದೂರವಿರಲೂ ಇಷ್ಟವಿರಲಿಲ್ಲ.

ಇದನ್ನು ಸೋಲೆಂದು ಬರೆದರೆ ತಪ್ಪು. ಆ ವರ್ಷವೇ ಅವರು ಲೀಡ್ಸ್‌ನಲ್ಲಿ ಬಿಲಿಯರ್ಡ್ಸ್‌ನ ಎರಡೂ ಮಾದರಿಯ, ಅಂದರೆ ಅಂಕದ ಮತ್ತು ಸಮಯದ, ವಿಶ್ವ ಕಿರೀಟ ಗೆದ್ದರು. 2024ರ ನವೆಂಬರಿನಲ್ಲಿ ದೋಹಾದಲ್ಲಿ ಗೆದ್ದದ್ದು 28ನೇ ವಿಶ್ವ ಪ್ರಶಸ್ತಿ. ಏಷ್ಯನ್ ಗೇಮ್ಸ್‌ನ ಎರಡು ಚಿನ್ನ, ಖೇಲ್ ರತ್ನ, ಪದ್ಮಭೂಷಣ ಬೇರೆ. ಮನೆಯಲ್ಲಿ ಬೇರೂರಿಯೂ ಜಗತ್ತನ್ನು ಗೆಲ್ಲಬಹುದೆಂದು ತೋರಿಸಿಕೊಟ್ಟ ಬದುಕು ಇದು.

ಹೊರವಲಯದ ಮಕ್ಕಳಿಗೆ

2008ರ ಮೇ ತಿಂಗಳಲ್ಲಿ ಬೆಂಗಳೂರಿನ ಹೊರವಲಯದ ನಮ್ಮ ಜಿಲ್ಲೆಯ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಕೆಲವೇ ತಿಂಗಳಲ್ಲಿ ವಿಶ್ವ ಬಿಲಿಯರ್ಡ್ಸ್ ಬೆಂಗಳೂರಿನಲ್ಲಿ ನಡೆಯಿತು. ತವರಿನಲ್ಲೇ ಪಂಕಜ್ ಎರಡೂ ಮಾದರಿಯ ಪ್ರಶಸ್ತಿ ಗೆದ್ದರು. 2014ರಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಇಲ್ಲಿಗೆ ಬಂದಾಗ ಚೀನಾದ 14ರ ಬಾಲಕ ಯಾನ್ ಬಿಂಗ್‌ಟಾವೋ ಫೈನಲ್ ಅನ್ನು 8–7ರಿಂದ ಗೆದ್ದ. 2021ರಲ್ಲಿ ವೃತ್ತಿಪರರ ಮಾಸ್ಟರ್ಸ್ ಪ್ರಶಸ್ತಿಯೂ ಅವನದಾಯಿತು. 2023ರಲ್ಲಿ ಮ್ಯಾಚ್ ಫಿಕ್ಸಿಂಗ್ ಪ್ರಕರಣದಲ್ಲಿ ನಿಷೇಧಕ್ಕೊಳಗಾದ. ಪ್ರತಿಭೆಯೊಂದೇ ಮಗುವನ್ನು ಕಾಯುವುದಿಲ್ಲ. ಪಕ್ಕದಲ್ಲಿ ನಿಂತು ಸರಿ ತಪ್ಪು ಹೇಳುವ ಹಿರಿಯರು ಬೇಕು.

ನಮ್ಮ ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಕಡೆ ಸ್ನೂಕರ್ ಎಂದರೆ ಇನ್ನೂ ಹುಬ್ಬೇರುತ್ತದೆ. ಸಿಗರೇಟು, ಬೆಟ್ಟಿಂಗು, ಕಾಲೇಜು ತಪ್ಪಿಸುವ ಹುಡುಗರು, ಇವೇ ಕಣ್ಣ ಮುಂದೆ ಬರುತ್ತವೆ. ಆ ಭಯಕ್ಕೆ ಕಾರಣವಿಲ್ಲದಿಲ್ಲ. ಆದರೆ ಬಾಗಿಲು ಮುಚ್ಚಿದರೆ ಆಟ ಕತ್ತಲ ಕೋಣೆಗೆ ಹೋಗುತ್ತದೆ, ಹುಡುಗಿಯರಿಗಂತೂ ಪೂರ್ತಿ ಎಟುಕದಾಗುತ್ತದೆ. ಬಾಗಿಲು ತೆರೆದಿದ್ದರೆ ಅವರೂ ಗೆಲ್ಲಬಲ್ಲರು. ರಾಜ್ಯ ಸರ್ಕಾರದ ನೌಕರಿಯಲ್ಲಿದ್ದು ತಡವಾಗಿ ಕ್ಯೂ ಹಿಡಿದ ಆರ್. ಉಮಾದೇವಿ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಕರ್ನಾಟಕದ ಪರ ಆಡಿದ ವಿದ್ಯಾ ಪಿಳ್ಳೈ 2017ರ ವಿಶ್ವ ಮಹಿಳಾ ಸ್ನೂಕರ್ ಫೈನಲ್‌ನಲ್ಲಿ ಸೋತದ್ದು 5–6ರಿಂದ, ಒಂದೇ ಫ್ರೇಮಿನ ಅಂತರದಲ್ಲಿ.

ತಾಲೂಕು ಕ್ರೀಡಾಂಗಣದ ಒಂದು ಕೋಣೆಯಲ್ಲಿ ಒಂದು ಪೂರ್ಣ ಅಳತೆಯ ಟೇಬಲ್, ಸಂಜೆ ಎರಡು ತಾಸು ಬಂದು ತಿದ್ದುವ ಒಬ್ಬ ಹಿರಿಯ ಆಟಗಾರ, ಮಕ್ಕಳಿಗೆ ಶುಲ್ಕವಿಲ್ಲ. ಕೇಳುವುದು ಇಷ್ಟೇ. ಇದರಿಂದ ಇನ್ನೊಬ್ಬ ಪಂಕಜ್ ಹುಟ್ಟಿಯೇ ತೀರುತ್ತಾನೆಂದು ಯಾರೂ ಮಾತು ಕೊಡಲಾರರು. ಆದರೆ ವಿಶ್ವ ಚಾಂಪಿಯನ್ನರು ಬಂದಿಳಿದು ಹೋಗುವ ವಿಮಾನ ನಿಲ್ದಾಣವಿರುವ ನಮ್ಮ ಜಿಲ್ಲೆಯಲ್ಲಿ, ಕ್ಯೂ ಹಿಡಿಯುವ ಆಸೆಯಿರುವ ಮಗು ಬೆಂಗಳೂರಿನ ಬಸ್ಸಿಗೇ ಕಾಯಬೇಕೇ ಎಂಬ ಕೊರಗು ಮಾತ್ರ ನನ್ನನ್ನು ಬಿಟ್ಟಿಲ್ಲ.