ಬಿಸಿ ಎಂಜಿನ್‌ಗೆ ಸುಳ್ಳು ಚಳಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಏಕಸಂಬಿಯ ರಸ್ತೆ ಬದಿಯ ಗ್ಯಾರೇಜುಗಳಿಗೆ ನಸುಕಿನಲ್ಲೇ ಕೆಲಸ ಹತ್ತುತ್ತದೆ. ಜೋಡಿ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಕಾರ್ಖಾನೆಯ ದಾರಿ ಹಿಡಿದಿರುತ್ತವೆ. ಅವುಗಳ ನಡುವೆ ದಾರಿ ಮಾಡಿಕೊಂಡು ಹಾಲು, ತರಕಾರಿ ಹೇರಿದ ಸಣ್ಣ ಗಾಡಿಗಳು ಚಿಕ್ಕೋಡಿ, ನಿಪ್ಪಾಣಿಗೂ ಗಡಿಯಾಚೆಯ ಇಚಲಕರಂಜಿಗೂ ಓಡುತ್ತವೆ. ಈ ಭಾಗದ ಗ್ಯಾರೇಜಿನಲ್ಲಿ ಒಂದು ತಾಸು ಕೂತರೆ ಸಾಕು, ಇಂಥದೊಂದು ದೂರು ಕಿವಿಗೆ ಬೀಳುತ್ತದೆ: “ನಿಂತಲ್ಲೇ ನಡಗತೈತಿ ನೋಡ್ರಿ ಮಿಸ್ತ್ರಿ, ಎವರೇಜೂ ಬಿದ್ದೈತಿ. ಹೊಸಾ ಪ್ಲಗ್ ಹಾಕ್ಸಿದ್ರೂ ಫರಕ ಬಿದ್ದಿಲ್ಲ.”

ಪ್ಲಗ್ ಆಯಿತು, ಮುಂದೆ ಇಗ್ನಿಷನ್ ಕಾಯಿಲ್, ಆಮೇಲೆ ಇಂಜೆಕ್ಟರ್. ಹೀಗೆ ಒಂದೊಂದೇ ಸಾಮಾನು ಬದಲಿಸುತ್ತ ಹೋದರೆ ದುಡ್ಡು ಖಾಲಿಯಾಗುತ್ತದೆ, ನಡುಕ ಮಾತ್ರ ಅಲ್ಲೇ ಇರುತ್ತದೆ. ತಪ್ಪು ಇರುವುದು ಎಷ್ಟೋ ಸಲ ಹೆಬ್ಬೆರಳಿನಷ್ಟೂ ಇಲ್ಲದ ಒಂದು ಸಾಮಾನಿನಲ್ಲಿ. ಅದೇ ಎಂಜಿನ್‌ನ ಕೂಲಂಟ್ ಎಷ್ಟು ಬಿಸಿಯಾಗಿದೆ ಎಂದು ಹೇಳುವ ಟೆಂಪರೇಚರ್ ಸೆನ್ಸರ್.

ಹಳೆಯ ಮಾರುತಿ 800 ಓಡಿಸಿದವರಿಗೆ ಚೋಕ್ ನೆನಪಿರುತ್ತದೆ. ಚಳಿಯ ಮುಂಜಾನೆ ಅದನ್ನು ಎಳೆದರೆ ಎಂಜಿನ್‌ಗೆ ಪೆಟ್ರೋಲ್ ಹೆಚ್ಚು ಸಿಗುತ್ತಿತ್ತು, ಗಾಡಿ ಬೇಗ ಚಾಲೂ ಆಗುತ್ತಿತ್ತು. ಎಂಜಿನ್ ಕಾದ ಮೇಲೂ ಅದನ್ನು ಒಳಗೆ ತಳ್ಳಲು ಮರೆತರೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮುಗ್ಗರಿಸುವ ಎಂಜಿನ್. ಈಗಿನ ಗಾಡಿಗಳಲ್ಲಿ ಎಳೆಯುವ ಚೋಕ್ ಇಲ್ಲ. ಆ ಲೆಕ್ಕವನ್ನು ಇಸಿಎಂ ಎಂಬ ಪುಟ್ಟ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಎಂಜಿನ್ ತಣ್ಣಗಿದೆಯೋ ಬಿಸಿಯಾಗಿದೆಯೋ ಎಂಬುದಕ್ಕೆ ಅದು ಈ ಸೆನ್ಸರ್‌ನ ಮಾತನ್ನೇ ನಂಬುತ್ತದೆ. ಕುದಿಯುವಷ್ಟು ಕಾದ ಎಂಜಿನ್‌ನಲ್ಲಿ ಕೂತು ಸೆನ್ಸರ್ ‘ಚಳಿ, ಚಳಿ’ ಎಂದು ಹೇಳಿದರೆ ಇಸಿಎಂ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಚೋಕ್ ಎಳೆದು ಮರೆತಂತೆಯೇ ಆಯಿತು.

ಇದರ ಹಿಂದಿರುವ ವಿಜ್ಞಾನ ಬಹಳ ಹಳೆಯದು. 1833ರಲ್ಲಿ ಮೈಕೆಲ್ ಫ್ಯಾರಡೆ ಸಿಲ್ವರ್ ಸಲ್ಫೈಡ್ ಕಾಯಿಸಿದಾಗ ಅದರಲ್ಲಿ ವಿದ್ಯುತ್ ಹರಿಯುವುದು ಸಲೀಸಾಗುತ್ತದೆ ಎಂದು ಕಂಡುಕೊಂಡ. ಲೋಹಗಳ ಗುಣಕ್ಕೆ ಇದು ತದ್ವಿರುದ್ಧ. ಸೆನ್ಸರ್‌ನ ತುದಿಯಲ್ಲಿರುವ ಥರ್ಮಿಸ್ಟರ್ ಕೂಡ ಇದೇ ಜಾತಿಯದು. ಹಲವು ಗಾಡಿಗಳಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ರೋಧ ಸುಮಾರು 2,500 ಓಮ್ ಇದ್ದರೆ, 80 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 300ಕ್ಕೆ ಇಳಿದಿರುತ್ತದೆ. ಇಸಿಎಂ 5 ವೋಲ್ಟ್ ಕಳಿಸಿ, ಈ ಏರಿಳಿತವನ್ನೇ ಶಾಖವೆಂದು ಓದಿಕೊಳ್ಳುತ್ತದೆ. 1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರೋನಿಕ್ ಇಂಜೆಕ್ಷನ್ ಫೋಕ್ಸ್‌ವ್ಯಾಗನ್ 1600 ಕಾರಿಗೆ ಬಂದಾಗಿನಿಂದ ಇಂಜೆಕ್ಷನ್ ಗಾಡಿಗಳಿಗೆ ಶಾಖದ ಲೆಕ್ಕ ಇಡುವುದು ತಪ್ಪಿಲ್ಲ.

ಓಡುವಾಗ ಅಷ್ಟಾಗಿ ಗೊತ್ತಾಗದ ದೋಷ ನಿಂತಾಗಲೇ ಏಕೆ ಕಾಣುತ್ತದೆ? ಐಡ್ಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ, ಒಳಗೆ ಹೋಗುವ ಗಾಳಿ ಬಹಳ ಕಡಿಮೆ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ತೂಕದ ಲೆಕ್ಕ ಆಗ ಸ್ವಲ್ಪ ತಪ್ಪಿದರೂ ಗಾಡಿ ನಡುಗುತ್ತದೆ. ಹೆಚ್ಚಾದ ಪೆಟ್ರೋಲ್ ಪ್ಲಗ್‌ಗೆ ಮಸಿ ಹಿಡಿಸುತ್ತದೆ. ಹೊಸ ಪ್ಲಗ್ ಹಾಕಿದ ನಾಲ್ಕು ದಿನ ಚೆನ್ನಾಗಿದ್ದ ಗಾಡಿ ಮತ್ತೆ ಮೊದಲಿನಂತಾಗುವುದು ಇದರಿಂದಲೇ. ಹೀಗೇ ಓಡಿಸುತ್ತ ಹೋದರೆ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು. ಅದರ ಬೆಲೆಯ ಮುಂದೆ ಸೆನ್ಸರ್ ಬೆಲೆ ಏನೇನೂ ಅಲ್ಲ.

ಸುಳ್ಳು ತಿರುವುಮುರುವಾಗುವುದೂ ಉಂಟು. ತಣ್ಣನೆಯ ಎಂಜಿನ್ ಬಿಸಿಯಾಗಿದೆ ಎಂದು ಸೆನ್ಸರ್ ಹೇಳಿದರೆ ಪೆಟ್ರೋಲ್ ಸಾಲದೆ ಮುಂಜಾನೆ ಗಾಡಿ ಚಾಲೂ ಆಗಲು ಸತಾಯಿಸುತ್ತದೆ.

ಪತ್ತೆ ಹಚ್ಚಲು ಒಳ್ಳೆಯ ಹೊತ್ತೆಂದರೆ ಬೆಳಗಿನ ಜಾವ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎಂಜಿನ್, ಕೂಲಂಟ್, ಹೊರಗಿನ ಗಾಳಿ ಮೂರೂ ಒಂದೇ ಹದದಲ್ಲಿರುತ್ತವೆ. “ಇವತ್ತ ಬಿಟ್ಟು ಹೋಗ್ರಿ, ಮುಂಜಾನೆ ನೋಡೂಣು” ಎನ್ನುವ ಮಿಸ್ತ್ರಿ ಕೆಲಸ ಮುಂದೂಡುತ್ತಿಲ್ಲ, ಸರಿಯಾದ ಹೊತ್ತಿಗೆ ಕಾಯುತ್ತಿದ್ದಾನೆ. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಹಚ್ಚಿ, ಎಂಜಿನ್ ಚಾಲೂ ಮಾಡದೆ ಬರೀ ಚಾವಿ ತಿರುವಿ ಕೂಲಂಟ್ ಶಾಖ, ಒಳಬರುವ ಗಾಳಿಯ ಶಾಖ ಎರಡನ್ನೂ ನೋಡಬೇಕು. ಗಾಳಿ 18 ಡಿಗ್ರಿ ತೋರಿಸಿ ಕೂಲಂಟ್ 55 ತೋರಿಸಿದರೆ ಅನುಮಾನ ಗಟ್ಟಿಯಾಗುತ್ತದೆ. ಮೈನಸ್ 40 ತೋರಿಸಿದರಂತೂ ಕೇಳುವುದೇ ಬೇಡ, ಅಂಥ ಚಳಿ ಕೃಷ್ಣೆಯ ದಂಡೆಯಲ್ಲಿ ಬೀಳುವುದಿಲ್ಲ. ವೈರ್ ತುಂಡಾಗಿದೆ, ಇಲ್ಲವೇ ಕನೆಕ್ಟರ್ ಬಿಟ್ಟಿದೆ, ಇಲ್ಲವೇ ಸೆನ್ಸರ್ ಸತ್ತಿದೆ ಎಂದು ಅರ್ಥ. ಸ್ಕ್ಯಾನರ್‌ನಲ್ಲಿ ಆಗ ಸಾಮಾನ್ಯವಾಗಿ ಪಿ0118 ಕೋಡ್ ಬರುತ್ತದೆ. ಶಾರ್ಟ್ ಆಗಿದ್ದರೆ ಪಿ0117.

ಕೋಡ್ ಬಂತೆಂದು ಸೀದಾ ಅಂಗಡಿಗೆ ಓಡಬಾರದು. ಕೋಡ್ ಹೇಳುವುದು ಸರ್ಕ್ಯೂಟ್‌ನಲ್ಲಿ ದೋಷವಿದೆ ಎಂದಷ್ಟೇ. ಕನೆಕ್ಟರ್ ಬಿಚ್ಚಿದಾಗ ಸ್ಕ್ಯಾನರ್ ಮೈನಸ್ 40ರ ಸುತ್ತ ಇಳಿಯಬೇಕು. ಕನೆಕ್ಟರ್‌ನ ಎರಡು ಪಿನ್‌ಗಳನ್ನು ತಂತಿಯಿಂದ ಕೂಡಿಸಿದರೆ 130 ಡಿಗ್ರಿಗೂ ಮೇಲೆ ಜಿಗಿಯಬೇಕು. ಹಾಗಾದರೆ ವೈರಿಂಗ್, ಇಸಿಎಂ ಸರಿಯಿವೆ, ತಪ್ಪು ಸೆನ್ಸರ್‌ನದು. ಹಾಗಾಗದಿದ್ದರೆ ಹೊಸ ಸೆನ್ಸರ್ ತಂದರೂ ವ್ಯರ್ಥ.

ದೂಧಗಂಗಾ, ಕೃಷ್ಣೆಯ ಸೀಮೆಯಲ್ಲಿ ಕನೆಕ್ಟರ್ ಕಡೆಗೆ ಒಂದು ಕಣ್ಣು ಹೆಚ್ಚೇ ಇರಬೇಕು. 2005, 2019, 2021ರ ನೆರೆ ಇಲ್ಲಿ ಯಾರೂ ಮರೆತಿಲ್ಲ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ ಸೇತುವೆಗಳು ಮಳೆಗಾಲದಲ್ಲಿ ಮುಳುಗುವುದು ಊರವರಿಗೆ ಹೊಸದಲ್ಲ. ನೀರಿನಲ್ಲಿ ನಿಂತ ಗಾಡಿಯ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕೂಲಂಟ್ ಬದಲು ಬೋರ್‌ವೆಲ್ ನೀರು ಸುರಿಯುವ ರೂಢಿಯೂ ಕೆಟ್ಟದ್ದೇ, ಸೆನ್ಸರ್ ತುದಿಗೆ ಸುಣ್ಣದ ಪದರ ಕಟ್ಟಿ ಶಾಖ ತಡವಾಗಿ ತಲುಪುತ್ತದೆ. ಕೂಲಂಟ್ ಕಡಿಮೆಯಾಗಿ ತುದಿ ಗಾಳಿಯಲ್ಲಿ ನಿಂತರೂ ಲೆಕ್ಕ ತಪ್ಪುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಸರಿಯಿದೆ ಎಂದು ಸುಮ್ಮನಿರುವಂತೆಯೂ ಇಲ್ಲ, ಕೆಲವು ಗಾಡಿಗಳಲ್ಲಿ ಮುಳ್ಳಿನ ಸೆನ್ಸರೇ ಬೇರೆ.

ಬಿಚ್ಚಿದ ಸೆನ್ಸರ್‌ಗೆ ಪಕ್ಕದ ಚಹಾ ಅಂಗಡಿಯ ಒಲೆಯೇ ಪರೀಕ್ಷೆಯ ಮೇಜಾಗಬಹುದು. ಪಾತೆಲಿಯಲ್ಲಿ ನೀರು, ನೀರಿಗೊಂದು ಥರ್ಮಾಮೀಟರ್, ದಾರ ಕಟ್ಟಿ ತುದಿಯಷ್ಟೇ ಮುಳುಗುವಂತೆ ಇಳಿಬಿಟ್ಟ ಸೆನ್ಸರ್, ಅದರ ಪಿನ್‌ಗಳಿಗೆ ಹಚ್ಚಿದ ಮಲ್ಟಿಮೀಟರ್. ನೀರು ಕಾದಂತೆ ಅಂಕಿ 2,500, 1,800, 1,100 ಎಂದು ತಡವರಿಸದೆ ಇಳಿಯುತ್ತ ಹೋಗಬೇಕು. ನಡುವೆ ಒಮ್ಮೆ ಜಿಗಿದರೂ, ಒಂದೇ ಕಡೆ ನಿಂತರೂ ಆ ಸೆನ್ಸರ್ ನಂಬಿಕೆಗೆ ಯೋಗ್ಯವಲ್ಲ.

ಸೆನ್ಸರ್ ಪರೀಕ್ಷೆಯಲ್ಲಿ ಗೆದ್ದರೆ ನಡುಕದ ಮೂಲ ಬೇರೆಡೆ ಇದೆ. ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್, ಮಸಿ ಕಟ್ಟಿದ ಥ್ರಾಟಲ್ ಬಾಡಿ ಮೊದಲ ಅನುಮಾನಿತರು. ಕೂಲಂಟ್ ಶಾಖ ನಿಧಾನಕ್ಕೆ ಏರಿ 60ರ ಆಸುಪಾಸಿನಲ್ಲೇ ನಿಂತುಬಿಟ್ಟರೆ ಥರ್ಮೋಸ್ಟಾಟ್ ಎಂಬ ಕವಾಟ ಬಾಯಿ ತೆರೆದು ಕೂತಿರಬಹುದು. ಆಗ ಸೆನ್ಸರ್ ಸತ್ಯವನ್ನೇ ಹೇಳುತ್ತಿರುತ್ತದೆ.

ಬದಲಿಸುವುದಾದರೆ ಎಂಜಿನ್ ಪೂರ್ತಿ ಆರಿರಬೇಕು. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ಕೂಲಂಟ್ ಮೋರೆಗೇ ಹಾರುತ್ತದೆ. ಹಳೆಯ ವಾಷರ್ ತೆಗೆದು ಹೊಸದನ್ನೇ ಹಾಕಿ, ಕೂಲಂಟ್ ತುಂಬಿ, ಒಳಗಿನ ಗಾಳಿ ಗುಳ್ಳೆ ಗುಳ್ಳೆಯಾಗಿ ಹೊರಬೀಳುವವರೆಗೆ ಎಂಜಿನ್ ಚಾಲೂ ಇಡುತ್ತಾರೆ. ಸ್ಕ್ಯಾನರ್‌ನಲ್ಲಿ 20, 45, 70 ಎಂದು ಅಂಕಿ ಏರುತ್ತದೆ, 90ರ ಸುಮಾರಿಗೆ ಬಂದು ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನ ಮೇಲಿಟ್ಟ ನೀರಿನ ಬಾಟಲಿಯಲ್ಲಿ ಅಲೆ ಏಳುವುದು ನಿಂತಿರುತ್ತದೆ.