ಪರದೆಯ ಮೇಲಿನ ಕುಸ್ತಿ, ಎಲ್ಲರಿಗೂ ಒಂದೇ ಅಖಾಡ



ಊರ ಜಾತ್ರೆಯ ಕುಸ್ತಿಯನ್ನು ನೀವೆಲ್ಲ ನೋಡಿದ್ದೀರಿ. ಇಬ್ಬರು ಪೈಲ್ವಾನರು ಅಖಾಡಕ್ಕೆ ಇಳಿಯುತ್ತಾರೆ. ಯಾರ ಊರು ದೊಡ್ಡದು, ಯಾರ ಮನೆಗೆ ಎಷ್ಟು ಎಕರೆ ಎಂದು ಕೆಮ್ಮಣ್ಣು ಕೇಳುವುದಿಲ್ಲ. ಆದರೆ ಜೋಡಿ ಹಾಕಿದವರು ನ್ಯಾಯವಾಗಿ ಹಾಕಿದರೆ, ಪಂಚರು ಇಬ್ಬರನ್ನೂ ಸಮನಾಗಿ ಕಂಡರೆ ಮಾತ್ರ ಆ ಗೆಲುವಿಗೆ ಮರ್ಯಾದೆ. ಇಂದು ನಾವು ಮಾತನಾಡುವುದು ಅದೇ ಮರ್ಯಾದೆಯ ವಿಷಯ. ಅಖಾಡ ಮಾತ್ರ ಬೇರೆ. ಅದು ವಿಡಿಯೋ ಪರದೆಯ ಮೇಲಿನ ಅಖಾಡ.

ಇವುಗಳನ್ನು ಫೈಟಿಂಗ್ ಗೇಮ್ ಎಂದು ಕರೆಯುತ್ತಾರೆ. ಇಬ್ಬರು ಆಟಗಾರರು, ಪರದೆಯ ಮೇಲೆ ಇಬ್ಬರು ಜಟ್ಟಿಗಳು. ಕೈಯಲ್ಲಿರುವ ಗುಂಡಿಗಳನ್ನು ಒತ್ತಿ ಗುದ್ದುವುದು, ಒದೆಯುವುದು, ತಡೆಯುವುದು. ಎದುರಾಳಿಯ ಶಕ್ತಿಯ ಪಟ್ಟಿ ಖಾಲಿಯಾದರೆ ಒಂದು ಸುತ್ತು ಗೆದ್ದಂತೆ. ಸಾಮಾನ್ಯವಾಗಿ ಎರಡು ಸುತ್ತು ಗೆದ್ದವರಿಗೆ ಆಟ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1991ರಲ್ಲಿ ಹೊರತಂದ ಸ್ಟ್ರೀಟ್ ಫೈಟರ್ 2 ಎಂಬ ಆಟ ಈ ಬಗೆಯನ್ನು ಲೋಕಪ್ರಸಿದ್ಧ ಮಾಡಿತು. ಒಂದು ಜಾಯ್‌ಸ್ಟಿಕ್, ಆರು ಗುಂಡಿ, ಹಾಕಲು ಒಂದು ನಾಣ್ಯ. ಗೆದ್ದವನು ಯಂತ್ರದ ಮುಂದೆಯೇ ನಿಲ್ಲುತ್ತಿದ್ದ, ಸೋತವನು ಇನ್ನೊಂದು ನಾಣ್ಯ ಹುಡುಕುತ್ತಿದ್ದ.

ಹೀಗೆ ಪ್ರತಿಯೊಂದು ಊರಿನ ವಿಡಿಯೋ ಗೇಮ್ ಅಂಗಡಿಗೂ ಒಬ್ಬ ಶೂರ ಹುಟ್ಟಿಕೊಂಡ. ಊರಿಗೊಂದು ಪಟ್ಟು, ಪ್ರಾಂತಕ್ಕೊಂದು ವರಸೆ ಬೆಳೆಯಿತು. ಅಮೆರಿಕದಲ್ಲಿ ಇಬ್ಬರೂ ಒಂದೇ ಯಂತ್ರದ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತು ಆಡಿದರು. ಜಪಾನಿನಲ್ಲಿ ಬೆನ್ನಿಗೆ ಬೆನ್ನು ಸೇರಿಸಿಟ್ಟ ಎರಡು ಯಂತ್ರಗಳಲ್ಲಿ, ಎದುರಾಳಿಯ ಮುಖವೇ ಕಾಣದಂತೆ ಕೂತು ಆಡಿದರು. ಆದರೆ ಒಂದು ಪ್ರಶ್ನೆ ಉಳಿಯಿತು. ನಮ್ಮ ಊರ ಶೂರ ಪಕ್ಕದ ಪ್ರಾಂತದವನ ಮುಂದೆ ನಿಲ್ಲಬಲ್ಲನೆ? ಅದನ್ನು ತಿಳಿಯಲು ಪಂದ್ಯಾವಳಿ ಬೇಕಾಯಿತು.

1996ರಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್ ಎಂಬ ಊರಿನಲ್ಲಿ ಟಾಮ್ ಕ್ಯಾನನ್ ಮತ್ತು ಟೋನಿ ಕ್ಯಾನನ್ ಎಂಬ ಅವಳಿ ಸೋದರರು ಗೆಳೆಯರೊಡನೆ ಸೇರಿ ಒಂದು ಕೂಟ ನಡೆಸಿದರು. ಅದರ ಹೆಸರು ಬ್ಯಾಟಲ್ ಬೈ ದ ಬೇ. ಬಂದವರು ಸುಮಾರು 40 ಜನ. 2002ರಲ್ಲಿ ಆ ಕೂಟ ಇವೋ ಎಂಬ ಹೆಸರು ಪಡೆಯಿತು, 2005ರಲ್ಲಿ ಲಾಸ್ ವೇಗಾಸ್ ನಗರಕ್ಕೆ ಹೋಯಿತು. 2023ರ ಇವೋದಲ್ಲಿ ಸ್ಟ್ರೀಟ್ ಫೈಟರ್ 6 ಒಂದಕ್ಕೇ 7000ಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಇಷ್ಟು ಬೆಳೆದರೂ ಮೊದಲ ದಿನದ ಒಂದು ನಿಯಮ ಬದಲಾಗಲಿಲ್ಲ. ಪ್ರವೇಶಧನ ಕಟ್ಟಿದ ಯಾರೇ ಆಗಲಿ, ಹೆಸರಿಲ್ಲದವರೇ ಆಗಲಿ, ಆಡಬಹುದು. ಆ ತೆರೆದ ಬಾಗಿಲಿನ ಬೆಲೆ ಏನೆಂಬುದನ್ನು ಮುಂದೆ ನೋಡೋಣ.

ಮೊದಲು ಜೋಡಿ ಹಾಕುವ ಕ್ರಮ. ನಮ್ಮ ಹಳ್ಳಿಯ ವಾಲಿಬಾಲ್, ಕಬಡ್ಡಿ ಪಂದ್ಯಗಳಲ್ಲಿ ಬಹಳ ಸಲ ಒಂದು ಸೋಲಿಗೆ ಹೊರಗೆ ಎಂಬ ಪದ್ಧತಿ. 16 ಜನರಿದ್ದರೆ 15 ಪಂದ್ಯಗಳಲ್ಲಿ ಎಲ್ಲವೂ ಮುಗಿಯುತ್ತದೆ. ಆದರೆ ದೂರದಿಂದ ಸಾಲ ಮಾಡಿ ಬಂದವನಿಗೆ ಮೊದಲ ಪಂದ್ಯದಲ್ಲೇ ಅತಿ ಬಲಶಾಲಿ ಎದುರಾದರೆ? ಹತ್ತು ನಿಮಿಷದಲ್ಲಿ ಅವನ ಪ್ರಯಾಣ ವ್ಯರ್ಥ. ಅದಕ್ಕಾಗಿ ಇವೋದಂಥ ಕೂಟಗಳು ಎರಡು ಸೋಲಿಗೆ ಹೊರಗೆ ಎಂಬ ಕ್ರಮವನ್ನು ಹಿಡಿದವು. ಮೊದಲ ಸಲ ಸೋತವರು ಇನ್ನೊಂದು ಪಟ್ಟಿಗೆ ಇಳಿಯುತ್ತಾರೆ. ಅಲ್ಲಿಯೂ ಸೋತರೆ ಮಾತ್ರ ಮನೆಗೆ. ಗೆಲ್ಲುತ್ತ ಹೋದರೆ ಅಂತಿಮ ಪಂದ್ಯದವರೆಗೂ ಏರಬಹುದು. ಆದರೆ ಅಲ್ಲಿ, ಒಮ್ಮೆಯೂ ಸೋಲದೆ ಬಂದವನನ್ನು ಎರಡು ಸಲ ಸೋಲಿಸಬೇಕು. ಅವನಿಗೂ ಒಂದು ಸೋಲಿನ ಸಲಿಗೆ ಉಂಟಲ್ಲ! 16 ಜನರಿಗೆ ಈ ಕ್ರಮದಲ್ಲಿ 30 ಅಥವಾ 31 ಪಂದ್ಯ. ಕೆಲಸ ಇಮ್ಮಡಿ, ನ್ಯಾಯವೂ ಹೆಚ್ಚು.

ಇದಕ್ಕೊಂದು ಉದಾಹರಣೆ ಕೇಳಿ. 2004ರ ಇವೋದಲ್ಲಿ ಜಪಾನಿನ ಡೈಗೋ ಉಮೆಹರ ಮತ್ತು ಅಮೆರಿಕದ ಜಸ್ಟಿನ್ ವಾಂಗ್ ಎದುರಾದರು. ಡೈಗೋ ಅವರ ಜಟ್ಟಿಗೆ ಕೂದಲೆಳೆಯಷ್ಟು ಜೀವ ಉಳಿದಿತ್ತು. ಒಂದು ಒದೆತ ತಡೆದರೂ ಸಾಯುವ ಸ್ಥಿತಿ. ವಾಂಗ್ ತಮ್ಮ ಮಹಾಪ್ರಹಾರ ಬಿಟ್ಟರು, ಒಂದರ ಹಿಂದೆ ಒಂದರಂತೆ 15 ಏಟು. ಡೈಗೋ ಹದಿನೈದನ್ನೂ ತಾಗುವ ಕ್ಷಣಕ್ಕೆ ಸರಿಯಾಗಿ ಒದರಿ ಹಾಕಿ, ತಿರುಗಿ ಹೊಡೆದು ಗೆದ್ದರು. ಈ ಆಟಗಳ ಇತಿಹಾಸದಲ್ಲಿ ಜನ ಅತಿ ಹೆಚ್ಚು ನೆನೆಯುವ ಗಳಿಗೆ ಅದು. ಆದರೆ ಆ ಪಂದ್ಯ ನಡೆದದ್ದು ಒಮ್ಮೆ ಸೋತವರ ಪಟ್ಟಿಯಲ್ಲಿ. ಇಬ್ಬರೂ ಅದಕ್ಕೆ ಮುಂಚೆ ಒಂದೊಂದು ಸಲ ಸೋತಿದ್ದರು. ಒಂದು ಸೋಲಿಗೆ ಹೊರಗೆ ಎಂಬ ನಿಯಮವಿದ್ದಿದ್ದರೆ ಆ ಗಳಿಗೆಯೇ ಇರುತ್ತಿರಲಿಲ್ಲ.

ಜೋಡಿ ಹಾಕುವಾಗ ಇನ್ನೊಂದು ಸೂಕ್ಷ್ಮವಿದೆ. ಒಂದೇ ಊರಿನಿಂದ ನಾಲ್ವರು ಒಟ್ಟಿಗೆ ಬಂದಿದ್ದಾರೆ ಎನ್ನಿ. ಅವರು ದಿನವೂ ತಮ್ಮತಮ್ಮಲ್ಲೇ ಆಡುವವರು. ಇಲ್ಲಿಯೂ ಮೊದಲ ಸುತ್ತಿನಲ್ಲೇ ಅವರವರನ್ನೇ ಎದುರುಬದುರು ಹಾಕಿದರೆ ಇಷ್ಟು ದೂರ ಬಂದದ್ದೇಕೆ? ಆದ್ದರಿಂದ ಅನುಭವಿ ಸಂಘಟಕರು ಮೊದಲು ಬಲಶಾಲಿಗಳನ್ನು ಪಟ್ಟಿಯಲ್ಲಿ ದೂರದೂರ ಇಡುತ್ತಾರೆ, ಆಮೇಲೆ ಒಂದೇ ಪ್ರಾಂತದವರು ಆರಂಭದಲ್ಲಿ ಎದುರಾಗದಂತೆ ಚದುರಿಸುತ್ತಾರೆ. ಬಹುಮಾನ ಹಂಚಿಕೊಳ್ಳೋಣವೆಂದು ಗೆಳೆಯರಿಬ್ಬರು ಒಳಗೊಳಗೆ ಮಾತಾಡಿ ಆಡಿದರೆ ಇಬ್ಬರನ್ನೂ ಹೊರಗೆ ಹಾಕುವ ನಿಯಮವನ್ನೂ ಇಡುತ್ತಾರೆ. ಸೋಲಾಪುರದ ಕಡೆಯವರಿಗೆ ನೂರಾ ಕುಸ್ತಿ ಎಂದರೆ ಬೇರೆ ವಿವರಣೆ ಬೇಡ.

ಇನ್ನು ಅಖಾಡದ ಸಮತೆ. ಈ ಆಟಗಳಲ್ಲಿ ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಓಡುತ್ತವೆ. ಸ್ಟ್ರೀಟ್ ಫೈಟರ್ 6ರಲ್ಲಿ ಅತಿ ವೇಗದ ಸಾಮಾನ್ಯ ಗುದ್ದು 4 ಚಿತ್ರಗಳಷ್ಟು ಹೊತ್ತಿನಲ್ಲಿ ತಾಗುತ್ತದೆ. ಟಿ.ವಿ. ಪರದೆ ಎರಡು ಚಿತ್ರದಷ್ಟು ತಡಮಾಡಿದರೂ ಅಭ್ಯಾಸವೆಲ್ಲ ತಲೆಕೆಳಗು. ಆದ್ದರಿಂದ ಎಲ್ಲ ಮೇಜುಗಳಲ್ಲೂ ಒಂದೇ ಮಾದರಿಯ, ತಡವಿಲ್ಲದ ಪರದೆ ಇರಬೇಕು. 2004ರಲ್ಲಿ ಇವೋ ಸಂಘಟಕರು ದೊಡ್ಡ ನಾಣ್ಯದ ಯಂತ್ರಗಳನ್ನು ಬಿಟ್ಟು ಮನೆಯಲ್ಲಿ ಆಡುವ ಕನ್ಸೋಲ್‌ಗಳಿಗೆ ಬದಲಾದಾಗ ಹಳಬರು ಬೇಸರಪಟ್ಟರು. ಆದರೆ ಆ ದೊಡ್ಡ ಯಂತ್ರಗಳು ಇಲ್ಲದ ಊರಿನವರಿಗೆ, ಮನೆಯಲ್ಲಿ ಕಲಿತದ್ದನ್ನೇ ಕೂಟದಲ್ಲಿ ಆಡುವ ಅನುಕೂಲ ಅದರಿಂದ ಆಯಿತು.

ನಿಯಮಗಳೂ ಮೊದಲೇ ಬರೆದಿರಬೇಕು. ಎಡಬದಿಯೋ ಬಲಬದಿಯೋ ಎಂಬ ತಕರಾರು ಬಂದರೆ ಕಲ್ಲು, ಕಾಗದ, ಕತ್ತರಿ ಆಡಿ ತೀರ್ಮಾನಿಸುತ್ತಾರೆ. ಒಂದು ಆಟ ಮುಗಿದ ಮೇಲೆ ಸೋತವನು ತನ್ನ ಜಟ್ಟಿಯನ್ನು ಬದಲಿಸಬಹುದು, ಗೆದ್ದವನು ಬದಲಿಸುವಂತಿಲ್ಲ. ಆಟದ ನಡುವೆ ಕೈತಪ್ಪಿ ನಿಲುಗಡೆಯ ಗುಂಡಿ ಒತ್ತಿದರೂ ಆ ಸುತ್ತು ಎದುರಾಳಿಗೆ ಹೋಗುತ್ತದೆ. ಇದು ಕಠಿಣವೆನ್ನಿಸಬಹುದು. ಆದರೆ ಎಲ್ಲರಿಗೂ ಒಂದೇ ಎಂದು ಮೊದಲೇ ತಿಳಿದಿದ್ದರೆ ಜಗಳಕ್ಕೆ ಎಡೆಯಿಲ್ಲ.

ಪ್ರಾಂತಪ್ರಾಂತಗಳ ನಡುವೆ ಉಳಿಯುವ ದೊಡ್ಡ ಅಡ್ಡಿ ದೂರ. ಮನೆಯಲ್ಲೇ ಕೂತು ಇಂಟರ್‌ನೆಟ್ ಮೂಲಕ ಆಡಬಹುದಲ್ಲ ಎಂದು ನೀವು ಕೇಳಬಹುದು. ಒಂದು ಲೆಕ್ಕ ಮಾಡೋಣ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಲಾಹೋರಿನಿಂದ ಟೋಕಿಯೋ ಸುಮಾರು 6000 ಕಿಲೋಮೀಟರ್. ತಂತಿ ನೇರವಾಗಿ ಎಳೆದಿದ್ದರೂ ಒಂದು ಗುದ್ದಿನ ಸುದ್ದಿ ಅಲ್ಲಿಗೆ ಮುಟ್ಟಲು ಹೆಚ್ಚುಕಡಿಮೆ ಎರಡು ಚಿತ್ರಗಳ ಹೊತ್ತು ಬೇಕು. ತಂತಿ ನೇರವಾಗಿಯೂ ಇಲ್ಲ. ಹಳೆಯ ಆಟಗಳು ಆ ಸುದ್ದಿ ಬರುವ ತನಕ ಇಬ್ಬರನ್ನೂ ಕಾಯಿಸುತ್ತಿದ್ದವು. ಆಟ ಕೆಸರಿನಲ್ಲಿ ನಡೆದಂತೆ ಆಗುತ್ತಿತ್ತು.

ಇದಕ್ಕೆ ಉಪಾಯ ಹೂಡಿದವರು ಆಗ ಹೇಳಿದ ಅವಳಿ ಸೋದರರಲ್ಲಿ ಒಬ್ಬರಾದ ಟೋನಿ ಕ್ಯಾನನ್. 2006ರಲ್ಲಿ ಅವರು ರೋಲ್‌ಬ್ಯಾಕ್ ಎಂಬ ಕ್ರಮದ ಸಾಫ್ಟ್‌ವೇರನ್ನು ಹೊರತಂದರು. ಇದರಲ್ಲಿ ಯಂತ್ರ ಕಾಯುವುದಿಲ್ಲ. ಎದುರಾಳಿ ಈಗ ಮಾಡುತ್ತಿರುವುದನ್ನೇ ಮುಂದುವರಿಸುತ್ತಾನೆ ಎಂದು ಊಹಿಸಿ ಆಟವನ್ನು ನಡೆಸಿಬಿಡುತ್ತದೆ. ಊಹೆ ತಪ್ಪಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ ಹೋಗಿ ಸರಿಪಡಿಸುತ್ತದೆ. ಈಗಿನ ದೊಡ್ಡ ಫೈಟಿಂಗ್ ಆಟಗಳು ಈ ಕ್ರಮವನ್ನೇ ಅನುಸರಿಸುತ್ತವೆ. ಆದರೂ ಖಂಡದಿಂದ ಖಂಡಕ್ಕೆ ನ್ಯಾಯವಾದ ಪಂದ್ಯ ಕಷ್ಟ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಇವೋ ಇಂಟರ್‌ನೆಟ್ ಮೂಲಕ ನಡೆದಾಗ ಪ್ರಾಂತವಾರು ಪಟ್ಟಿ ಮಾಡಿಯೇ ಆಡಿಸಬೇಕಾಯಿತು. ಮುಖಾಮುಖಿ ಕೂಟ 2022ರಲ್ಲಿ ಮತ್ತೆ ಲಾಸ್ ವೇಗಾಸ್‌ನಲ್ಲಿ ಸೇರಿತು.

ಈಗ ಆ ತೆರೆದ ಬಾಗಿಲಿನ ಕಥೆ. ಟೆಕ್ಕನ್ ಎಂಬ ಇನ್ನೊಂದು ಹೆಸರಾಂತ ಆಟವಿದೆ. ಅದರಲ್ಲಿ ಕೊರಿಯ ಮತ್ತು ಜಪಾನಿನವರನ್ನು ಬಿಟ್ಟರೆ ಇಲ್ಲ ಎಂಬ ಮಾತು ಬಹುಕಾಲ ಇತ್ತು. 2019ರ ಆರಂಭದಲ್ಲಿ ಜಪಾನಿನಲ್ಲಿ ನಡೆದ ಇವೋಗೆ ಲಾಹೋರಿನಿಂದ ಅರ್ಸಲಾನ್ ಸಿದ್ದಿಕ್ ಎಂಬ ಯುವಕ ಬಂದರು. ಆಟದ ಹೆಸರು ಅರ್ಸಲಾನ್ ಆಶ್. ವೀಸಾ ಮತ್ತು ವಿಮಾನದ ತೊಂದರೆಗಳಲ್ಲಿ ಬಳಲಿ ತಲುಪಿದ ಅವರನ್ನು ಗೆಲ್ಲುವವರ ಸಾಲಿನಲ್ಲಿ ಎಣಿಸಿದವರು ಕಡಿಮೆ. ಅವರು ಗೆದ್ದರು. ಅದೇ ವರ್ಷ ಆಗಸ್ಟಿನಲ್ಲಿ ಲಾಸ್ ವೇಗಾಸ್‌ನಲ್ಲೂ ಗೆದ್ದರು. ನಮ್ಮಲ್ಲಿ ನನ್ನಂಥವರು ಇನ್ನೂ ಇದ್ದಾರೆ ಎಂದು ಅವರು ಹೇಳಿದಾಗ ಲೋಕ ಬೆರಗಾಯಿತು. ನೀ ಎಂಬ ಅಡ್ಡಹೆಸರಿನ ಕೊರಿಯದ ಪ್ರಸಿದ್ಧ ಆಟಗಾರ ಮುಂದೆ ಲಾಹೋರಿಗೇ ಹೋಗಿ ಅಲ್ಲಿಯವರ ಜೊತೆ ಅಭ್ಯಾಸ ಮಾಡಿದರು. ಅರ್ಸಲಾನ್ ಹೇಳಿದ್ದು ನಿಜವೂ ಆಯಿತು. ಟೆಕ್ಕನ್ ವಿಶ್ವ ಪ್ರವಾಸದ 2022ರ ಸಾಲಿನ ಅಂತಿಮ ಪಂದ್ಯವನ್ನು ಪಾಕಿಸ್ತಾನದವರೇ ಆದ ಆತಿಫ್ ಬಟ್ ಗೆದ್ದರು.

ಬಂಧುಗಳೆ, ಲಾಹೋರಿನಲ್ಲಿ ಆ ಬಲ 2019ರಲ್ಲಿ ದಿಢೀರನೆ ಹುಟ್ಟಿದ್ದಲ್ಲ. ಅದು ಮೊದಲೇ ಇತ್ತು, ನೋಡುವವರಿರಲಿಲ್ಲ. ಅಂಚಿನಲ್ಲಿರುವವರ ಪಾಡು ಎಂಥದೆಂದು ಗಡಿಯಲ್ಲಿ ಬಾಳುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದರೆ ತೆರೆದ ಬಾಗಿಲೊಂದೇ ಸಾಕೆ? ಸಾಲದು. ಬಾಗಿಲವರೆಗೆ ಬರುವ ದಾರಿಖರ್ಚು ಯಾರದು? ಕ್ಯಾಪ್‌ಕಾಮ್ ಕಂಪನಿ 2014ರಲ್ಲಿ ಆರಂಭಿಸಿದ ಪ್ರವಾಸ ಪದ್ಧತಿಯಲ್ಲಿ ದೇಶದೇಶದ ಕೂಟಗಳಿಗೆ ಹೋಗಿ ಅಂಕ ಕೂಡಿಸಬೇಕಿತ್ತು. ವಿಮಾನಕ್ಕೆ ಹಣವಿದ್ದವರಿಗೆ ಅಂಕ ಸುಲಭ. ಮುಂದೆ ಪ್ರಾಂತವಾರು ಇಂಟರ್‌ನೆಟ್ ಪಂದ್ಯ ನಡೆಸಿ ಗೆದ್ದವರಿಗೆ ಅಂತಿಮ ಕೂಟದಲ್ಲಿ ಸ್ಥಾನ ಕೊಡುವ ಪದ್ಧತಿ ಬಂತು. ಇದಕ್ಕೂ ಆಕ್ಷೇಪವಿದೆ. ಜಪಾನಿನ ಹತ್ತನೆಯ ಆಟಗಾರ ಬೇರೊಂದು ಪ್ರಾಂತದ ಮೊದಲನೆಯವನಿಗಿಂತ ಬಲಶಾಲಿಯಾಗಿರಬಹುದು, ಅವನನ್ನು ಬಿಡುವುದು ನ್ಯಾಯವೆ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಒಂದು ಸ್ಥಾನ ಉಂಟು ಎಂಬ ನಂಬಿಕೆ ಇದ್ದರೆ ತಾನೆ ಸಣ್ಣ ಪ್ರಾಂತದ ಹುಡುಗರು ಅಭ್ಯಾಸಕ್ಕೆ ಕೂರುವುದು! ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಂಥ ಪುಟ್ಟ ದೇಶದ ಮೆನಾ ಆರ್‌ಡಿ ಎಂಬ ಆಟಗಾರ 2017ರಲ್ಲಿ ಮತ್ತು 2023ರಲ್ಲಿ ಕ್ಯಾಪ್‌ಕಾಮ್ ಕಪ್ ಗೆದ್ದಿದ್ದಾರೆ. ಆದ್ದರಿಂದ ಎರಡೂ ಬಾಗಿಲು ಬೇಕು. ಪ್ರಾಂತಕ್ಕೆ ಮೀಸಲಾದದ್ದೊಂದು, ಎಲ್ಲರಿಗೂ ತೆರೆದದ್ದೊಂದು.

ವಯಸ್ಸಿನ ಮಾತನ್ನೂ ಹೇಳಿಬಿಡುತ್ತೇನೆ. 2023ರಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯಾ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರ್ 5 ಪದಕದ ಕ್ರೀಡೆಯಾಗಿತ್ತು. ನಮ್ಮ ದೇಶದ ಮಯಾಂಕ್ ಪ್ರಜಾಪತಿ ಮತ್ತು ಅಯನ್ ಬಿಸ್ವಾಸ್ ಅಲ್ಲಿ ಆಡಿದರು. ಚಿನ್ನ ಗೆದ್ದವರು ದಕ್ಷಿಣ ಕೊರಿಯದ ಕಿಮ್ ಗ್ವಾನ್-ವೂ. ಆಗ ಅವರಿಗೆ 44 ವರ್ಷ.

ಓದು, ಕೆಲಸ ಬಿಟ್ಟು ಆಟ ಹಿಡಿಯಿರಿ ಎಂದು ನಾವು ಹೇಳುತ್ತಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟವೇ ಬೇರೆ, ಇದೇ ಬೇರೆ. ಭಾರತದ 2025ರ ಕಾಯಿದೆಯೂ ಇವೆರಡನ್ನು ಬೇರೆಬೇರೆಯಾಗಿಯೇ ಕಂಡಿದೆ. ಆದರೆ ಊರಿನ ಯುವಕ ಸಂಘದವರು ಹಬ್ಬದ ದಿನ ಇಂಥದೊಂದು ಕೂಟ ನಡೆಸುವುದಾದರೆ ಕಷ್ಟವೇನಿಲ್ಲ. 16 ಜನ, ಎರಡು ಪರದೆ, ಪಂದ್ಯಕ್ಕೆ ಹತ್ತು ನಿಮಿಷ ಹಿಡಿದರೆ, ಎರಡು ಸೋಲಿನ ಕ್ರಮದಲ್ಲೂ ಮೂರು ತಾಸಿನಲ್ಲಿ ಮುಗಿಯುತ್ತದೆ. ಎರಡು ಪರದೆಗಳೂ ಒಂದೇ ಬಗೆಯವಾಗಿರಲಿ. ಪಕ್ಕದ ಊರಿನವರನ್ನು ಕರೆಯಿರಿ, ಗಡಿಯ ಆಚೆಯವರನ್ನೂ ಕರೆಯಿರಿ. ಒಂದೇ ಓಣಿಯವರನ್ನು ಮೊದಲ ಸುತ್ತಿನಲ್ಲಿ ಎದುರು ಹಾಕಬೇಡಿ. ನಿಯಮಗಳನ್ನು ಕನ್ನಡದಲ್ಲೂ ನಿಮ್ಮ ರಾಜ್ಯದ ಭಾಷೆಯಲ್ಲೂ ಬರೆದು, ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿ. ಯಾರು ಸೋತರೂ ಇನ್ನೊಮ್ಮೆ ಆಡಲಿ.

ಸೋತ ಹುಡುಗ, ಆಟ ನ್ಯಾಯವಾಗಿತ್ತು, ಮುಂದಿನ ವರ್ಷ ಮತ್ತೆ ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದರೆ ನಿಮ್ಮ ಪಂದ್ಯಾವಳಿ ಗೆದ್ದಂತೆ.