ನೋಡುವವರೇ ಎದ್ದು ಬರುವ ನಾಟಕ

ಕಾಲೇಜ್ ಫೆಸ್ಟ್‌ಗಳ ಬೀದಿ ನಾಟಕ ಹೆಚ್ಚಾಗಿ ಹೀಗಿರತ್ತೆ: ಕಪ್ಪು ಕುರ್ತಾ, ಒಂದು ಡೋಲು, ಹದಿನೈದು ನಿಮಿಷ, ಕೊನೆಗೊಂದು ಸಂದೇಶ. ರೈತರ ಬಗ್ಗೆ, ಪೌರಕಾರ್ಮಿಕರ ಬಗ್ಗೆ, ಅಂಧರ ಬಗ್ಗೆ ನಾವೇ ಮಾತಾಡ್ತೀವಿ, ನಾವೇ ಚಪ್ಪಾಳೆ ತಟ್ತೀವಿ. ನಾಟಕ ಅವರ ಬಗ್ಗೆ ಇರತ್ತೆ, ಆದರೆ ಅವರದ್ದಾಗಿರಲ್ಲ.

ಈ ವ್ಯತ್ಯಾಸದ ಮೇಲೇ ಹೊಸ ರಂಗಭೂಮಿ ಕಟ್ಟಿದವರು ಬ್ರೆಜಿಲ್‌ನ ಅಗಸ್ಟೋ ಬೋಆಲ್ (1931-2009). ಅವರು ಓದಿದ್ದು ಕೆಮಿಕಲ್ ಇಂಜಿನಿಯರಿಂಗ್ ಅಂದ್ರೆ ನಂಬ್ತೀರಾ? ಮಿಲಿಟರಿ ಸರ್ಕಾರ 1971ರಲ್ಲಿ ಅವರನ್ನು ಬಂಧಿಸಿ ಹಿಂಸಿಸಿತು. ಆಮೇಲೆ ಅವರು ದೇಶ ಬಿಡಬೇಕಾಯ್ತು. 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮವೊಂದರಲ್ಲಿ ಕೆಲಸ ಮಾಡುವಾಗ, ಜನ ಹೇಳಿದ ಸಮಸ್ಯೆಯನ್ನು ನಟರು ಅಭಿನಯಿಸ್ತಿದ್ರು, ಪ್ರೇಕ್ಷಕರು ಪರಿಹಾರ ಸೂಚಿಸ್ತಿದ್ರು. ಒಬ್ಬ ಹೆಂಗಸು ಕೊಟ್ಟ ಸಲಹೆಯನ್ನು ನಟರು ಎಷ್ಟು ಸಲ ಮಾಡಿ ತೋರಿಸಿದರೂ ಆಕೆಗೆ ಸಮಾಧಾನ ಆಗಲಿಲ್ಲ. ಕೊನೆಗೆ ಆಕೆಯೇ ರಂಗಕ್ಕೆ ಬಂದು ಮಾಡಿ ತೋರಿಸಿದಳು. ಅನುಭವಿಸಿದವರಿಗೆ ಗೊತ್ತಿರೋದು ನಟರಿಗೆ ಗೊತ್ತಿರಲ್ಲ ಅಂತ ಬೋಆಲ್‌ಗೆ ಅವತ್ತು ಸ್ಪಷ್ಟವಾಯ್ತು.

ಇದರಿಂದ ಬೆಳೆದದ್ದೇ 'ಫೋರಂ ಥಿಯೇಟರ್'. ಇದು ಕೆಲಸ ಮಾಡೋ ರೀತಿ ಸರಳ. ಒಂದು ಅನ್ಯಾಯದ ದೃಶ್ಯವನ್ನು ಪರಿಹಾರ ಕೊಡದೆ ಆಡಿ ಮುಗಿಸ್ತಾರೆ. ನಂತರ ಅದೇ ದೃಶ್ಯ ಮತ್ತೆ ಶುರು. ಈ ಸಲ ಪ್ರೇಕ್ಷಕರಲ್ಲಿ ಯಾರು ಬೇಕಾದರೂ "ನಿಲ್ಸಿ" ಅನ್ನಬಹುದು, ಸೋತ ಪಾತ್ರದ ಜಾಗಕ್ಕೆ ಬಂದು ಬೇರೆ ದಾರಿ ಪ್ರಯತ್ನಿಸಬಹುದು. ಎದುರು ಪಾತ್ರದವರು ಸುಲಭಕ್ಕೆ ಬಗ್ಗಲ್ಲ. ನಡುವೆ ನಿಂತು ಇದನ್ನೆಲ್ಲ ನಡೆಸುವವರು 'ಜೋಕರ್'. ಇಸ್ಪೀಟಿನ ಜೋಕರ್ ಹಾಗೆ, ಯಾವ ಕಡೆಗೂ ಸೇರದವರು. ಯಾರಾದರೂ ಸಿನಿಮಾ ಥರ ಒಂದೇ ಡೈಲಾಗಲ್ಲಿ ಎಲ್ಲ ಸರಿ ಮಾಡಿಬಿಟ್ಟರೆ ಜೋಕರ್ ಜನರನ್ನು ಕೇಳ್ತಾರೆ: ಇದು ನಿಜವಾಗಿ ಆಗತ್ತಾ, ಅಥವಾ ಬರೀ ಮ್ಯಾಜಿಕ್ಕಾ? ಒಂಥರಾ ಡೀಬಗ್ಗಿಂಗ್ ಅಂದುಕೊಳ್ಳಿ.

1993ರಿಂದ 1996ರವರೆಗೆ ಬೋಆಲ್ ರಿಯೋ ಡಿ ಜನೈರೋದ ನಗರಸಭೆ ಸದಸ್ಯರಾಗಿದ್ದರು. ಬಡಾವಣೆಗಳಲ್ಲಿ, ಬೇರೆ ಬೇರೆ ಗುಂಪುಗಳ ಜೊತೆ ಇಂಥ ನಾಟಕ ಆಡಿಸಿ, ಅಲ್ಲಿ ಬಂದ ಮಾತುಗಳಿಂದ ಮಸೂದೆ ಬರೆಸಿದರು. 13 ಕಾನೂನುಗಳು ಪಾಸಾದವು. ಇಂಥ ನಾಟಕಗಳಲ್ಲಿ ಅಂಧರು ಎತ್ತಿದ ಒಂದು ಸಮಸ್ಯೆ ನೋಡಿ: ಅಲ್ಲಿನ ಸಾರ್ವಜನಿಕ ಫೋನಿಗೆ ಮೊಟ್ಟೆಯಾಕಾರದ ಗೂಡು, ಅದಕ್ಕೆ ಸಣ್ಣದೊಂದು ಕಂಬ. ಕೈಲಿರೋ ಕೋಲು ಗೂಡಿನ ಕೆಳಗೆ ಹಾದು ಹೋಗತ್ತೆ, ತಲೆ ಮಾತ್ರ ಗೂಡಿಗೆ ಬಡಿಯತ್ತೆ. ಪರಿಹಾರ? ಕೋಲಿಗೆ ತಾಗುವಂತೆ ನೆಲದಲ್ಲಿ ಒಂದು ಎತ್ತರದ ಕಟ್ಟೆ. ಆ ಗೂಡು ಹೆಸರುವಾಸಿ ಡಿಸೈನ್. ಆದರೆ ಅದರಲ್ಲಿರೋ ಈ ತೊಂದರೆ ಕಣ್ಣಿದ್ದವರಿಗೆ ಕಾಣಲ್ಲ. ಒಳಗೊಳ್ಳುವಿಕೆ ಅಂದ್ರೆ ಬರೀ ಕರುಣೆ ಅಲ್ಲ, ನಮ್ಮ ಹತ್ತಿರ ಇಲ್ಲದ ಮಾಹಿತಿ ಅವರ ಹತ್ತಿರ ಇದೆ ಅಂತ ಒಪ್ಪಿಕೊಳ್ಳೋದು.

ನಮ್ಮ ದೇಶದಲ್ಲಿ ಪಶ್ಚಿಮ ಬಂಗಾಳದ 'ಜನ ಸಂಸ್ಕೃತಿ' ತಂಡ ಈ ಕೆಲಸ ಮಾಡ್ತಿದೆ. ಸಂಜಯ್ ಗಂಗೂಲಿ 1985ರಲ್ಲಿ ಶುರು ಮಾಡಿದ್ದು. ಹಳ್ಳಿಯವರೇ ನಟರು. ವರದಕ್ಷಿಣೆ, ಕಳ್ಳಬಟ್ಟಿ, ಮನೆಯೊಳಗಿನ ಹೊಡೆತ, ಇವೆಲ್ಲ ವಸ್ತು. ಮನೆಯಲ್ಲಿ ಬಾಯಿ ಬಿಡಲಾಗದ ಹೆಂಗಸಿಗೆ ಊರೆಲ್ಲರ ಎದುರು ಎದ್ದು ಮಾತಾಡೋಕೆ ಒಂದು ಜಾಗ ಸಿಗತ್ತೆ. ಅದು ನಾಳೆಯ ನಿಜವಾದ ಮಾತಿಗೆ ರಿಹರ್ಸಲ್.

ಹಾಗಂತ ನಾಟಕ ಒಂದೇ ಸಾಕಾಗಲ್ಲ. ರಿಯೋದಲ್ಲಿ ಜನರ ಮಾತು ಕಾನೂನಾಗಿದ್ದು, ಕೇಳಿಸಿಕೊಂಡವರ ಕೈಲಿ ನಗರಸಭೆಯ ಒಂದು ಸೀಟು ಇದ್ದಿದ್ದಕ್ಕೆ.

ನಮ್ಮಲ್ಲೂ ಇದನ್ನು ಮಾಡಬಹುದು. ಕನ್ನಡ ಮೀಡಿಯಂನಿಂದ ಬಂದವರ ವೈವಾ ದೃಶ್ಯ ತಗೊಳ್ಳಿ: ಉತ್ತರ ತಲೆಯಲ್ಲಿದೆ, ಇಂಗ್ಲಿಷಲ್ಲಿ ಬಾಯಿಗೆ ಬರ್ತಿಲ್ಲ. ಅದನ್ನು ನನ್ನಂಥ ಇಂಗ್ಲಿಷ್ ಮೀಡಿಯಂನವರು ಬರೆಯಬಾರದು, ಆ ಕುರ್ಚಿಯಲ್ಲಿ ಕೂತು ಬೆವರಿದವರು ಬರೀಬೇಕು. ಮುಂದಿನ ಸಾಲಲ್ಲಿ ವೈವಾ ತಗೊಳ್ಳೋ ಮೇಷ್ಟ್ರುಗಳೂ ಇರಬೇಕು. ಯಾಕಂದ್ರೆ ನಾಟಕ ಮುಗಿದ ಮೇಲೆ ಮಾರ್ಕ್ಸ್ ಹಾಕುವವರು ಅವರೇ ತಾನೇ?